ಗದ್ದ ಎದೆಗಿಳಿಸಿ ಒಂದು ಗುಟುಕು

ಸಂಶಿಯ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಕುಂದಗೋಳದ ಬಸ್ಸಿಗೆ ಕಾಯುತ್ತಿದ್ದ ಮಡಿವಾಳೆಪ್ಪ ಮಾಸ್ತರರ ಕಿವಿಗೆ ಪಕ್ಕದ ಬೆಂಚಿನ ಅತ್ತೆ ಸೊಸೆಯರ ಮಾತು ಬಿತ್ತು. ಲಕ್ವಾ ಹೊಡೆದು ಅತ್ತೆಯ ಬಾಯಿ ತುಸು ಸೊಟ್ಟಗಾಗಿತ್ತು.

“ತಲಿ ಮ್ಯಾಲೆತ್ತಬ್ಯಾಡ್ರಿ ಅತ್ತಿ. ಗದ್ದ ಎದಿಗೆ ಹಚ್ಚಿ ನುಂಗ್ರಿ ಅಂದಾರ ಡಾಕ್ಟರು.”

“ಇಷ್ಟು ವರ್ಷ ತುಟಿಗೆ ಹಚ್ಚದ ಮ್ಯಾಲಿಂದ ಹೊಯ್ಕೊಂಡು ಕುಡದಾಕಿ ನಾ. ಈಗ ಎಮ್ಮಿ ಹಂಗ ಬಗ್ಗಲೇನ?”

“ಗಂಟಲದ ನರ ಸೋತಾವ್ರಿ. ತಲಿ ಎತ್ತಿದ್ರ ಚಹಾ ಉಸಿರಿನ ದಾರಿ ಹಿಡಿತೈತಿ. ಬಗ್ಗಿಸಿದ್ರ ಆ ದಾರಿ ಸಣ್ಣದಾಗತೈತಂತ.”

“ಮತ್ತ ಕೆಮ್ಮು ಹತ್ತಿದ್ರ?”

“ನಾ ಅದೀನಲ್ರಿ. ಒಂದಽ ಗುಟುಕು.”

ಮುದುಕಿ ಗದ್ದ ಇಳಿಸಿ ನುಂಗಿದಳು. ಮಾಸ್ತರರೂ ಉಸಿರು ಬಿಗಿಹಿಡಿದರು. ಕೆಮ್ಮು ಬರಲೇ ಇಲ್ಲ.

“ಇಳೀತಲ್ಲಽ ಗೌರಾ!”

“ಎರಡು ತಿಂಗಳಾಗಿತ್ರಿ, ನೀವು ಕೆಮ್ಮದ ಏನರ ಕುಡದು.”

“ಹುಚ್ಚಿ, ಅದಕ್ಕ ಅಳತಾರೇನ? ಮುಗಸೂಣು ತಡಿ.”

ಅಷ್ಟರಲ್ಲಿ ಯರಗುಪ್ಪಿಯ ಬಸ್ಸು ಬಂತು. ಮುದುಕಿ ಕಪ್ಪು ಖಾಲಿ ಮಾಡಿಯೇ ಎದ್ದಳು. ಸೊಸೆಯ ಹೆಗಲು ಹಿಡಿದು ಮೆಟ್ಟಿಲು ಹತ್ತುತ್ತ ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು:

“ಇವತ್ತ ಹಾಲು ಹೋಳಿಗಿ ಮಾಡು. ಎಷ್ಟು ಬಗ್ಗಂತಿ ಅಷ್ಟು ಬಗ್ತೀನಿ.”