ಆವಲಪ್ಪ ತೋರಿಸಿದ ಕೇಬಲ್ಲು

ಸೇರಿರುವ ಮಹಾಜನರೇ! ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಬಂದಿರುವ ನಕ್ಷೆ ಕೆಲಸದ ಬಂಧುಗಳೇ! ಆವಲಪ್ಪನವರ ಮಡದಿ ಆದಿಲಕ್ಷ್ಮಮ್ಮನವರೇ, ಮಗಳು ಧನಶ್ರೀ— ನಿಮ್ಮ ಮುಖ ನೋಡುವ ಯೋಗ್ಯತೆ ನನಗಿಲ್ಲ. ಆದರೂ ನಿಂತಿದ್ದೇನೆ.

ದಿವಂಗತ ಆವಲಪ್ಪನವರು— ಅಲ್ಲ, ನನ್ನ ಆವಲಪ್ಪ— ಒಂಬತ್ತು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತು ಹಳ್ಳಿಗಳ ನಕ್ಷೆ ಬಿಡಿಸಿದ. ಎರಡು ಸಾವಿರದ ಆರರಲ್ಲಿ ನಮ್ಮ ಕಚೇರಿಗೆ ಮೂವತ್ತು ಇಂಚಿನ ಮಾನಿಟರ್ ಬಂತು. ಇಷ್ಟಗಲ! ಜೋಡಿಸಿದವನು ಅವನೇ. ಹೋಳೂರಿನ ನಕ್ಷೆ ತೆರೆದರೆ— ಎರಡು ಹೊಲಗಳ ನಡುವಿನ ಕಾಲುದಾರಿಯೇ ಮಾಯ! ಎರಡು ಗೆರೆ ಅಂಟಿಕೊಂಡು ಒಂದೇ ದಪ್ಪ ಗೆರೆ. ಸಾಹೇಬರು ಗುಡುಗಿದರು: "ಏನ್ಲಾ, ಒಳ್ಳೇದು ಮಾರ್ಕೊಂಡು ಡಕೋಟ ತಂದಿಟ್ಟಿದ್ದೀಯಾ?"

ಆವಲಪ್ಪ ಕೇಬಲ್ ಕಿತ್ತು ಚಾಚಿದ— ಹೀಗೆ, ಅಂಗೈ ಮೇಲೆ. "ಇದರ ಬಾಯಿ ನೋಡಿ ಸಾರ್, ನಡುವೆ ಆರು ಪಿನ್ನು, ಆರು ಹಲ್ಲಿಲ್ಲ. ಈ ಪರದೆಗೆ ನಲವತ್ತು ಲಕ್ಷ ಚುಕ್ಕಿ ಬೇಕು, ಅದೂ ಸೆಕೆಂಡಿಗೆ ಅರವತ್ತು ಸಲ. ಇದು ಅಷ್ಟು ಹೊರಲ್ಲ. ಕಾಲು ಭಾಗ ಕೊಡುತ್ತೆ, ಅಷ್ಟೆ. ಪೂರಾ ಹಲ್ಲಿರೋ ಕೇಬಲ್ ತರಿಸಿ ಸಾರ್."

ನಾವು ನಕ್ಕೆವು. "ಹಲ್ಲು ಡಾಕ್ಟರ್ ಹತ್ರ ಕರ್ಕೊಂಡ್ಹೋಗಪ್ಪೋ!" ಎಂದವನು ಯಾರು? ನಾನು! ಅವನು ನನ್ನ ಕಡೆ ತಿರುಗಿದ. "ಲೇ ನಂದೀಶಾ, ನಿನ್ನ ಕಣ್ಣೆದುರೇ ಮಾನಿಟರ್ ಡಬ್ಬ ಬಿಚ್ಚಿದ್ದು ಕಣೋ. ನುವ್ವನ್ನಾ ಚೆಪ್ಪರಾ, ನೀನಾದ್ರೂ ಹೇಳೋ!"

ಮಹಾಜನರೇ, ಹದಿನಾರು ವರ್ಷ ನಾಟಕದಲ್ಲಿ ಗದೆ ಎತ್ತಿ ಗರ್ಜಿಸಿದವನು ನಾನು. ಅಂದು? ಸಾಹೇಬರಿಗೆ ಹೆದರಿ, "ಡಬ್ಬ ಬಿಚ್ಚಿದ್ದನ್ನು ನಾನು ನೋಡಿಲ್ಲ" ಎಂಬ ಹೇಳಿಕೆಗೆ ಸಹಿ ಹಾಕಿದೆ. ಮಾನಿಟರಿನ ಬೆನ್ನ ಮೇಲೆ ಅದರ ನಂಬರಿತ್ತು, ಬಿಲ್ಲಿನಲ್ಲಿದ್ದ ಅದೇ ನಂಬರು. ತಿರುಗಿಸಿ ಓದಿದವರು ಒಬ್ಬರೂ ಇಲ್ಲ. ಅವನನ್ನು ಕೆಲಸದಿಂದ ತೆಗೆದರು. ಹದಿನಾಲ್ಕು ತಿಂಗಳು ತನ್ನ ಊರು ಗೌನಿಪಲ್ಲಿಯಲ್ಲೇ ಕಳ್ಳ ಎನಿಸಿಕೊಂಡು ಬದುಕಿದ. ಕಳೆದ ಸೋಮವಾರ ಎದೆ ಹಿಡಿದು ಕೂತವನು— ಏಳಲಿಲ್ಲ.

ನಿನ್ನೆ ಆದಿಲಕ್ಷ್ಮಮ್ಮ ಒಂದು ಕೇಬಲ್ ಸುರುಳಿ ಕೈಗಿಟ್ಟರು. "ಬೆಂಗಳೂರಿಂದ ತಂದಿದ್ರು ಅಣ್ಣಾ. ತೋರಿಸ್ತೀನಿ ಅಂತ ಆಫೀಸಿಗೆ ಮೂರು ಸಲ ಬಂದ್ರು. ಒಳಗೇ ಬಿಡ್ಲಿಲ್ಲ."

ಅದರ ಬಾಯಿ ತುಂಬಾ ಹಲ್ಲು! ಕಚೇರಿಗೆ ಒಯ್ದು ಜೋಡಿಸಿದೆ. ಅದೇ ಮಾನಿಟರ್, ಅದೇ ಕಂಪ್ಯೂಟರ್, ಅದೇ ನಕ್ಷೆ— ಹೋಳೂರಿನ ಕಾಲುದಾರಿಯ ಎರಡು ಗೆರೆ ಬಿಡಿಬಿಡಿಯಾಗಿ ಕಾಣಿಸಿದವು! ಯಾರಿಗೆ ತೋರಿಸಲಿ? ಹೇಳಿ, ಯಾರಿಗೆ?

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನವಾಗಿರೋಣ. ಅವನ ಆತ್ಮಕ್ಕೆ ಶಾಂತಿ ಕೋರುವ ಬಾಯಿ ನನ್ನದಲ್ಲ; ಅದನ್ನು ನೀವು ಕೋರಿ. ನಾಳೆ ಬೆಳಿಗ್ಗೆ ನನ್ನ ಹೇಳಿಕೆ ಸುಳ್ಳೆಂದು ಸಾಹೇಬರಿಗೆ ಬರೆದುಕೊಡುತ್ತೇನೆ. ಅದರ ಪ್ರತಿ ಹಿಡಿದು ಸಿಕ್ಕಿದ ಮೊದಲ ಬಸ್ಸಿಗೆ ಗೌನಿಪಲ್ಲಿಗೆ ಹೋಗುತ್ತೇನೆ. ಒಂದೊಂದೇ ಮನೆಯ ಬಾಗಿಲಲ್ಲಿ ನಿಂತು ಓದುತ್ತೇನೆ. ಊರಿಗೆಲ್ಲ ಕೇಳಿಸುತ್ತದೆ— ಅವನೊಬ್ಬನನ್ನು ಬಿಟ್ಟು.