ಕುರ್ಚಿ ಇಡುವ ಜಾಗ

೧೯೮೨ರ ಫೆಬ್ರವರಿ ೯, ಸಂಜೆ ಐದು ಇಪ್ಪತ್ತು. ಲಗ್ಗೆರೆಯ ಸುಬ್ಬಲಕ್ಷ್ಮಮ್ಮ ಪೀಣ್ಯದಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಬೆನ್ನ ಹಿಂದೆ ಕಾರ್ಖಾನೆಯ ಇಬ್ಬರು ಮಾತಾಡುತ್ತಿದ್ದರು. ಲೇತ್ ಕೆಲಸದ ಆವಲಪ್ಪ ಬಾಡಿಗೆ ಸಿನಿಮಾ ಕ್ಯಾಮೆರಾದ ಚೀಲವನ್ನು ಎದೆಗೆ ಅವಚಿಕೊಂಡಿದ್ದ. ಜೊತೆಗಿದ್ದ ಗೆಳೆಯ ಬೈರಪ್ಪ ಅವನಿಗೆ ಹೇಳುತ್ತಿದ್ದ.

“ಮೊದ್ಲು ರೀಲು ತೊಳ್ಸೋ. ಸತ್ತೋದ ನಿನ್ನೆಂಡ್ತಿ ನಡೆದಾಡೋದು ಇರೋದು ಅದೊಂದ್ರಲ್ಲೇ.”

“ತೊಳ್ಸಿದ್ರೆ ಕಪ್ಪು ಕಂಬಳಿ ಮುಂದೆ ಒಬ್ಳು ಹೆಂಗ್ಸು, ಅಷ್ಟೇಯ. ಮದ್ರಾಸಿನ ಸಿನಿಮಾ ಟ್ರಿಕ್ ಫೋಟೋದೋರು ದೆವ್ವ ತೆಗ್ದು ತೋರ್ಸಿದ್ರೆ ಕೆಲ್ಸ ಅಂದವ್ರೆ. ತೊಳ್ಸದೇನೇ ಅದೇ ರೀಲು ಹಿಂದಕ್ಕೆ ಸುತ್ತಿ ಅದ್ರ ಮೇಲೇ ನಮ್ಮನೆ ಚಿತ್ರ ತೆಗೀಬೇಕು. ಆಗ ಅವ್ಳ ಮೈಯೊಳ್ಗಿಂದ ಗೋಡೆ ಕಾಣ್ತದೆ.”

“ಕೈ ತಪ್ಪಿದ್ರೆ?”

“ಅವ್ಳೂ ಇಲ್ಲ, ಕೆಲ್ಸಾನೂ ಇಲ್ಲ.”

“ಹಳೇ ಪುಸ್ತಕದಂಗ್ಡೀಲಿ ಚಿತ್ರ ನೋಡಿ ಕಲ್ತೋನು ನೀನು!”

“ಅವ್ಳೂ ಇಂಗೇ ಆಡ್ಕೊಂಡ್ಲು. ‘ಬದ್ಕಿರೋಳ್ನ ದೆವ್ವ ಮಾಡ್ತೀಯಲ್ಲ, ಸಂಬ್ಳ ಎಷ್ಟು ಕೊಡ್ತೀಯ’ ಅಂತ. ಮನೆ ಚಿತ್ರ ತೆಗೆಯೋಕೆ ಮುಂಚೆ ಅವ್ಳಿಗೆ ಜ್ವರ ಬಂತು.”

“ಬೇರೆ ರೀಲಲ್ಲಿ ಬೇರೆ ಯಾರ್ನಾದ್ರೂ ನಡೆಸೋ ಮಾರಾಯ.”

“ಈ ರೀಲಲ್ಲಿ ಅವ್ಳು ನಡ್ಕೊಂಡ್ ಬಂದು, ಕುರ್ಚೀಲಿ ಕೂತೋನ ಹೆಗಲ ಮೇಲೆ ಇಡೋ ಅಂಗೆ ಗಾಳೀಲಿ ಕೈ ಇಟ್ಟವ್ಳೆ ಬೈರಪ್ಪ. ಅದ್ರಡಿ ಯಾರಾದ್ರೂ ಕೂರ್ಬೇಕಲ್ಲ.”

ಸುಬ್ಬಲಕ್ಷ್ಮಮ್ಮ ಸೆರಗನ್ನು ಹೆಗಲ ಮೇಲೆಳೆದುಕೊಂಡಳು.

“ಯಾರು ಕೂರ್ತಾರೆ?”

“ನಾನು. ಕ್ಯಾಮೆರಾ ನೀನು ಓಡ್ಸು.”

ಮೆಜೆಸ್ಟಿಕ್ ಬಸ್ಸು ಬಂತು. ಬೈರಪ್ಪ ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ತಿರುಗಿ ಕೇಳಿದ.

“ಕುರ್ಚಿ ಎಲ್ಲಿಡ್ಬೇಕು?”

“ಅವ್ಳು ಕೈ ಇಟ್ಕೊಂಡು ನಿಂತಿದ್ದಾಗ್ಲೇ ಅಳ್ತೆ ಟೇಪ್ ಹಿಡ್ದಿದ್ದೆ. ಲೆನ್ಸಿಂದ ಹನ್ನೊಂದು ಅಡಿ ನಾಲ್ಕು ಇಂಚು.”