ವಾಡೆಯ ರಾಗಿಯೊಳಗಿದ್ದ ಪಟ

ಹೆಸರು ಮಾದಮ್ಮ, ವಯಸ್ಸು ಸುಮಾರು ಐವತ್ತೆರಡು, ಕಸುಬು ಕೂಲಿ, ವಾಸ ಮಲ್ಲಿಪಟ್ಟಣ, ಅರಕಲಗೂಡು ತಾಲ್ಲೂಕು. ತೀರಿಹೋದ ಗಂಡನ ಹೆಸರು ದೇವಯ್ಯ; ಇದನ್ನು ನಾನು ಬಾಯಲ್ಲಿ ಹೇಳುವುದಿಲ್ಲವಾದ್ದರಿಂದ ಜೊತೆಗೆ ಬಂದ ನಾದಿನಿ ಸುಬ್ಬಮ್ಮ ಹೇಳಿ ಬರೆಸಿದ್ದಾಳೆ. ಅರಕಲಗೂಡು ಪೊಲೀಸ್ ಠಾಣೆಯ ದಫೇದಾರ್ ಚಲುವಯ್ಯನವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಯಜಮಾನರು ಊರ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರುಗಂಟಿಯಾಗಿದ್ದರು. ೧೯೪೧ರಲ್ಲಿ ಕೆರೆ ಕೋಡಿ ಕಟ್ಟಿಸಿದ ಓವರ್‌ಸೀಯರ್ ಸಾಹೇಬರು ಒಂದು ಪಟ ತೆಗೆಸಿ ಅವರಿಗೆ ಕೊಟ್ಟರು. ಅದರಲ್ಲಿ, ಈಗ ತೀರಿಹೋಗಿರುವ ಪಟೇಲರು ಕುರ್ಚಿಯಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ನಮ್ಮ ಯಜಮಾನರು ಕೋಲು ಹಿಡಿದು ನಿಂತಿದ್ದಾರೆ. ಅವರದೆಂದು ಇರುವುದು ಇದೊಂದೇ ಪಟ. ಬೇವಿನ ಸೊಪ್ಪು ಹಾಕಿ ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಇಪ್ಪತ್ತೊಂದು ವರ್ಷ ಕಾಪಾಡಿದ್ದೇನೆ. ಹಿಂಬದಿಯ ಕಾಗದ ಒಂದು ಮೂಲೆಯಲ್ಲಿ ಬಿಟ್ಟುಕೊಂಡು ರಾಗಿ ಒಳಗೆ ಸೇರುತ್ತದೆ. ಅವರ ಪಾಲಿಗೂ ನಾಲ್ಕು ಕಾಳಿರಲಿ ಎಂದು ನಾನು ತೆಗೆಯುವುದಿಲ್ಲ.

೩-೯-೧೯೬೨ರಂದು, ಪಿತೃಪಕ್ಷದ ಎಡೆಗೆ ದೊಡ್ಡದು ಮಾಡಿಸಲು, ಅರಕಲಗೂಡು ಬಸ್ ಸ್ಟ್ಯಾಂಡಿಗೆ ಅರವತ್ತು ಹೆಜ್ಜೆ ದೂರದ ಪಾಲಾಕ್ಷನ ಫೋಟೋ ಅಂಗಡಿಗೆ ಪಟವನ್ನು ಕೊಟ್ಟೆ. ಈ ದಿನ ಬೆಳಿಗ್ಗೆ ಹತ್ತೂವರೆಗೆ ಸುಬ್ಬಮ್ಮನೊಂದಿಗೆ ಹೋಗಿ ಕೇಳಲಾಗಿ, ಪಟವನ್ನು ಹುಳ ತಿಂದಿತ್ತು, ಎಸೆದೆ ಎಂದು ಹೇಳಿದ. ನನಗೆ ಸಿಟ್ಟು ಬಂತು. "ರಾಗಿಗೇ ಉಳ ಬೀಳಕಿಲ್ಲ ಕಣಪ್ಪಾ, ಅದ್ರೊಳಗಿದ್ದ ಪಟಕ್ಕೆ ಎಲ್ಲಿಂದ ಬತ್ತು?" ಎಂದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನು ಎದ್ದು ಒಳಗೆ ಹೊರಟ.

ಅಷ್ಟರಲ್ಲಿ ಸುಬ್ಬಮ್ಮ ಗೋಡೆಯತ್ತ ಕೈ ತೋರಿದಳು. ಎರಡು ಮಾರು ದೂರದಲ್ಲಿ, ಹೊಸ ಕಟ್ಟು ಹಾಕಿದ ಪಟೇಲರ ಪಟ. ಸುತ್ತ ಬಿಳಿ ರಟ್ಟು, ನಡುವೆ ಪಟೇಲರೊಬ್ಬರೇ. ಹತ್ತಿರ ಹೋಗಿ ನೋಡಿದರೆ, ರಟ್ಟಿನ ಅಂಚಿನಲ್ಲಿ ಮಾತ್ರ ಕೋಲು ಹಿಡಿದ ಒಂದು ಕೈ ಕಾಣುತ್ತಿತ್ತು. ಅದಕ್ಕೆ ಕಿರುಬೆರಳಿರಲಿಲ್ಲ. ಆ ಬೆರಳು ತೂಬಿಗೆ ಸಿಕ್ಕಿ ಹೋದಾಗ ಗಾಯಕ್ಕೆ ತಿಂಗಳುಗಟ್ಟಲೆ ಅರಿಶಿನ ಕಟ್ಟಿದವಳು ನಾನು.

ಹನ್ನೊಂದು ಗಂಟೆಗೆ ಠಾಣೆಗೆ ಬಂದು ದೂರು ಹೇಳಿದೆ. ದಫೇದಾರರು ಕೂಡಲೇ ಅಂಗಡಿಗೆ ಬಂದರು. ಅದೇ ಹೊತ್ತಿಗೆ ಪಟೇಲರ ಮಗ ಪುಟ್ಟಸ್ವಾಮಿಯವರು ಕಟ್ಟು ಒಯ್ಯಲು ಬಂದರು. ತಮ್ಮ ಮನೆಯ ಪಟಗಳನ್ನೆಲ್ಲ ಗೆದ್ದಲು ತಿಂದವೆಂದೂ, ತಂದೆಯ ಪಟ ಎಲ್ಲಾದರೂ ಸಿಕ್ಕರೆ ಕೊಡು ಎಂದು ಪಾಲಾಕ್ಷನಿಗೆ ಹೇಳಿದ್ದಾಗಿಯೂ, ಇದು ಯಾರದೆಂದು ತಿಳಿಯದೆಂದೂ ಹೇಳಿದರು. ನಿನ್ನದೆನ್ನಲು ಗುರುತೇನು ಎಂದು ದಫೇದಾರರು ನನ್ನನ್ನು ಕೇಳಿದರು. ಕಟ್ಟು ಬಿಚ್ಚಿಸಿ ಎಂದೆ. ನಾಲ್ಕು ಮೊಳೆ ಕಿತ್ತು ಹಿಂಬದಿಯ ಕಾಗದ ಕೊಡವಿದಾಗ ಮೇಜಿನ ಮೇಲೆ ಹನ್ನೊಂದು ಕಾಳು ರಾಗಿ ಉದುರಿತು. "ನೋಡ್ಕಳಿ ಸಾ, ನಮ್ ವಾಡೇದು!" ಎಂದೆ. ರಟ್ಟು ತೆಗೆದರೆ ನಮ್ಮ ಯಜಮಾನರು ನಿಂತಿದ್ದರು, ಒಂದು ಮಚ್ಚೆಯೂ ಬೀಳದೆ. ಪಟೇಲರ ಮನೆಯಿಂದ ಹಣ ಸಿಗುತ್ತದೆಂದು ಹೀಗೆ ಮಾಡಿದೆ ಎಂದು ಪಾಲಾಕ್ಷ ತಪ್ಪೊಪ್ಪಿಕೊಂಡ.

ಪುಟ್ಟಸ್ವಾಮಿಯವರು ಪಟವನ್ನು ಕೈಗೆ ತೆಗೆದುಕೊಂಡು ನೋಡಿದರು. "ನಮ್ಮಟ್ಟೀಲಿ ಉಳೀದೇ ಹೋದ ಅಪ್ಪಯ್ಯನ್ನ ನೀನು ಉಳಿಸ್ದೆ ಕಣವ್ವ. ನಂಗೊಂದು ಪ್ರತಿ ತೆಗುಸ್ಕೊಡು" ಎಂದರು.

"ತೆಗುಸ್ಕಳಿ ಸ್ವಾಮಿ. ರಟ್ಟು ಮಾತ್ರ ಮುಚ್ಚಕೂಡ್ದು. ನಿಮ್ ನಡುಮನೇಲಿ ಇಬ್ರೂ ಇರ್ಬೇಕು" ಎಂದೆ. ಆಗಲಿ ಎಂದು ಒಪ್ಪಿ, ಇದರ ಕೆಳಗೆ ರುಜು ಮಾಡಿದ್ದಾರೆ. ಪಟ ನನ್ನ ಕೈ ಸೇರಿದೆ. ಹನ್ನೊಂದು ಕಾಳನ್ನೂ ಸೆರಗಿಗೆ ಕಟ್ಟಿಕೊಂಡಿದ್ದೇನೆ.

ಪಟೇಲರ ನಡುಮನೆಗೆ ನಾನು ಇದುವರೆಗೆ ಕಾಲಿಟ್ಟವಳಲ್ಲ. ಈ ಹಬ್ಬಕ್ಕೆ ನಮ್ಮ ಯಜಮಾನರು ಹೋಗುತ್ತಾರೆ.

ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಅರಕಲಗೂಡು
೧೭-೯-೧೯೬೨, ಮಧ್ಯಾಹ್ನ ಒಂದೂವರೆ ಗಂಟೆ

ಮಾದಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು
ಸಾಕ್ಷಿ: ಪುಟ್ಟಸ್ವಾಮಿ (ರುಜು)